ಲೂಥರ್ ಹಿಡಿದ ಅಪಸ್ವರ

ಡಾಕ್ಟರ್ ಅನಸೂಯ ತಾವು ಆಪರೇಶನ್ ಮಾಡಿದ ಕಿವಿಯಿಂದ ಹತ್ತಿ ತೆಗೆದ ಕೂಡಲೇ, ಮುದುಕ ಲೂಥರ್ ತಮ್ಮ ಆ ಕಿವಿಗೆ ಕೈಗಡಿಯಾರ ಹಿಡಿದು ಗುಂಡಿ ಜಾರಿಸಿದರು. ಒಳಗಿನ ಪುಟ್ಟ ಸುತ್ತಿಗೆಗಳು ಉಕ್ಕಿನ ತಂತಿಗಳನ್ನು ಬಡಿದು ಹೊತ್ತು ಹೇಳಿದವು: ಗಂಟೆಗೆ ದಪ್ಪ ದನಿ, ನಿಮಿಷಕ್ಕೆ ಸಣ್ಣ ದನಿ. ಆ ತಂತಿಗಳನ್ನು ಅರದಿಂದ ಉಜ್ಜಿ ಶ್ರುತಿ ಕೂಡಿಸುವುದೇ ಲೂಥರ್ ಕಸುಬು. ಕರಿಯನ ಮುಖ ಗಿರಾಕಿಗೆ ಕಾಣಬಾರದೆಂದು ಅವರನ್ನು ಹಿಂದಿನ ಕೋಣೆಯಲ್ಲಿಟ್ಟಿದ್ದ ಡರ್ಹಮ್ ಊರಿನ ಗಡಿಯಾರದ ಅಂಗಡಿಯವನು, ಕಿವಿ ಮಂದವಾದದ್ದೇ ತಡ, ಬೀದಿಗೆ ಹಾಕಿದ್ದ.

"ಸಣ್ಣ ದನಿಯ ಶ್ರುತಿ ಇಳಿದಿದೆ," ಎಂದು ಲೂಥರ್ ಹುಬ್ಬು ಗಂಟಿಕ್ಕಿದರು.

ಕಿವಿ ಪರೀಕ್ಷೆಗೆಂದು ತಮ್ಮ ಗಡಿಯಾರ ತಂದಿದ್ದ ಡಾಕ್ಟರ್ ರಘುನಾಥ ಪೆಚ್ಚಾದರು. "ಆಪರೇಶನ್ ಫೇಲ್ ಆಯ್ತು ಕಣ್ರೀ ಅನಸೂಯ. ಇದನ್ನ ಅದೇ ಅಂಗಡೀಲಿ ಮೊನ್ನೆ ತಾನೇ ರಿಪೇರಿ ಮಾಡಿಸಿದ್ದೀನಿ."

"ತಂತಿಯ ಬುಡದಲ್ಲಿ ಅರ ಜಾಸ್ತಿ ಉಜ್ಜಿದ್ದಾರೆ, ಅದಕ್ಕೇ ಇಳಿದಿದೆ," ಎನ್ನುತ್ತ ಲೂಥರ್ ಹಿಂಬದಿಯ ಮುಚ್ಚಳ ಬಿಚ್ಚಿದರು. ಅನಸೂಯ ಗಡಿಯಾರವನ್ನು ಕಿವಿ ನೋಡುವ ಮೈಕ್ರೋಸ್ಕೋಪಿನಡಿ ಇಟ್ಟರು. ತಂತಿಯ ಬುಡದಲ್ಲಿ ಅರದ ಹೊಸ ಗೀರುಗಳು ಫಳಫಳ ಹೊಳೆದವು.

"ರೀ ರಘುನಾಥ, ಫೇಲ್ ಆಗಿರೋದು ನಿಮ್ಮ ಅಂಗಡಿಯವನು," ಎಂದು ಅನಸೂಯ ನಗತೊಡಗಿದರು.

ರಘುನಾಥ ಲೂಥರ್ ಕೈ ಹಿಡಿದುಕೊಂಡರು. "ಹಾಗಾದ್ರೆ ನೀವೇ ಸರಿ ಮಾಡಿಕೊಡಿ. ನಿಮ್ಮ ಹೆಸರಿನ ಬೋರ್ಡ್ ಹಾಕಿ, ಮೊದಲ ಗಿರಾಕಿ ನಾನೇ."

"ತಾಳಿ, ಇನ್ನೊಂದ್ ಸಲ ಕೇಳ್ತೀನಿ," ಎಂದ ಲೂಥರ್ ಮತ್ತೆ ಗುಂಡಿ ಜಾರಿಸಿ, ಕಣ್ಣು ಮುಚ್ಚಿ, ಆ ಅಪಸ್ವರಕ್ಕೇ ತಲೆದೂಗಿದರು.