ಗಂಟಿಗೆ ಜಾಗ

ಪ್ಯಾಸೆಂಜರ್ ಗಾಡಿ ಸೀಟಿ ಹಾಕಿದ ಮೇಲೆ ಅಂಬರಾಯ ಓಡಿ ಬಂದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಗೆ ಒಂದು ಗಂಟು ತುರುಕಿದ. ಅಜವಾನದ ವಾಸನೆ ಮೂಗಿಗೆ ಬಡಿಯಿತು. ಬಾಣಂತನದ ಸಾಮಾನು! ಭೀಮಮ್ಮ ಬಿಚ್ಚಿ ನೋಡಬೇಕಾಗಲಿಲ್ಲ.

“ಹೆಂಗೂ ಹೈದ್ರಾಬಾದಿಗೇ ಹೊಂಟೀದಿ. ತಂಗಿ ಮಗಳು ಹಡದಾಳ. ಎರಡು ತಿಂಗಳು ಇದ್ದು ಎಣ್ಣಿ-ನೀರು ನೋಡಿ ಬಾ,” ಎಂದ, ಸಂತೆಯಿಂದ ಕೊತ್ತಂಬರಿ ತಾ ಎನ್ನುವ ಹಾಗೆ.

ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದು ತಲೆ ನರೆಯುವವರೆಗೂ ಅವಳು ಗಾಡಿ ಹತ್ತಿದ್ದೆಲ್ಲ ಒಂದೋ ತೊಟ್ಟಿಲಿಗೆ, ಇಲ್ಲವೇ ಹೆಣಕ್ಕೆ. ಹೈದರಾಬಾದಿನಲ್ಲಿ ಅವಳು ಕಂಡದ್ದು ನಾದಿನಿಯ ಬಚ್ಚಲೊಂದೇ. ಈ ಚಳಿಗಾಲಕ್ಕೆ ಪಕ್ಕದ ಮನೆಯ ಸುಗರಾಬಿಯೊಡನೆ ಮಾತಾಗಿತ್ತು: ಊರು ನೋಡುತ್ತ ನಿಧಾನಕ್ಕೆ ನಡೆಯುವುದು, ಮೊಣಕಾಲು ನೊಂದಲ್ಲಿ ಕೂರುವುದು, ಕೆರೆಯ ದಂಡೆಯಲ್ಲಿ ಬಿಸಿಲು ಕಾಯಿಸುತ್ತ ಬೇರೆಯವರು ಕಾಸಿದ ಚಹಾ ಕುಡಿಯುವುದು. ಆ ಸುಗರಾಬಿ ಈಗ ಒಳಗೆ ಕೂತಲ್ಲೇ, ಸೀಟಿನ ಕೆಳಗೆ ಗಂಟಿಗೆ ಜಾಗ ಮಾಡಲು ಕಾಲು ಮಡಚಿಕೊಂಡಳು. ಅದನ್ನು ಕಂಡದ್ದೇ ಭೀಮಮ್ಮನ ಸಿಟ್ಟು ನೆತ್ತಿಗೇರಿತು.

ಗಾಡಿ ಅಲುಗಿತು. ಅವಳು ಗಂಟನ್ನು ಗಂಡನ ಎದೆಗೇ ಬೀಸಿದಳು.

“ರೈಲ್ವೆ ಪಾಸು ನಿಮಗೂ ಸಿಗ್ತದ. ಮುಂದಿನ ಗಾಡಿಗೆ ನೀವೇ ಹೋಗಿ ಕೂಸಿಗೆ ಎರೀರಿ! ಹುಟ್ಟಿದವ್ರಿಗೂ ಹೋಗೀನಿ, ಸತ್ತವ್ರಿಗೂ ಹೋಗೀನಿ. ಈ ಸಲ ನಾ ಇನ್ನಾ ಬದುಕೀನಿ ಅಂತ ಹೊಂಟೀನಿ!”

ಗಂಟನ್ನು ತಬ್ಬಿಕೊಂಡ ಅಂಬರಾಯ ಪ್ಲಾಟ್‌ಫಾರ್ಮಿನಲ್ಲೇ ಹಿಂದುಳಿದ. ಒಳಗೆ ಸುಗರಾಬಿ ಮಡಚಿದ್ದ ಕಾಲನ್ನು ಉದ್ದಕ್ಕೆ ಚಾಚಿದಳು.