ಸೇತುವೆ ನಡುವಿನ ಸ್ಟೂಲು

ಗಂಟಲಮಾರಿ ಹಬ್ಬಿದ ಮೇಲೆ ಎರಡು ರಾಜ್ಯಗಳ ನಡುವಿನ ಸೇತುವೆಯನ್ನು ಯಾರೂ ದಾಟುವಂತಿರಲಿಲ್ಲ. ಔಷಧ ಬೇಕಾದರೂ ಎರಡೂ ಕಡೆಯ ಅಧಿಕಾರಿಗಳು ಸಹಿ ಹಾಕಬೇಕು. ಆಮೇಲೆ ಅದನ್ನು ಸೇತುವೆ ನಡುವಿನ ಸ್ಟೂಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು.

ಈಚೆಯ ದುಂಡವ್ವ ಔಷಧ ಕೇಳಿದ ಮೂರನೆಯ ದಿನ ಆಚೆಯ ನರ್ಸಮ್ಮ ಔಷಧದ ಐಸ್ ಡಬ್ಬಿ ತಂದಿಟ್ಟಳು. ದುಂಡವ್ವ ಓಡಿಹೋಗಿ ಅದನ್ನು ಎದೆಗವಚಿಕೊಂಡಳು. ಅವಳ ಹಿಂದೆ ನಿಂತಿದ್ದ ಆಂಬುಲೆನ್ಸಿನಲ್ಲಿ ಮಗಳು ಉಸಿರಿಗಾಗಿ ಒದ್ದಾಡುತ್ತಿದ್ದಳು.

"ಒಂದು ಸಹಿಗೆ ಮೂರು ದಿನ ಕಾಯಿಸಿದ್ರಲ್ಲವ್ವಾ! ನಿನ್ನ ಹೊಟ್ಯಾಗ ಹುಟ್ಟಿದ ಕೂಸಾಗಿದ್ರ ಹಿಂಗ ಸುಮ್ನ ಕೂಡ್ತಿದ್ದೇನು?"

ನರ್ಸಮ್ಮ ಆಂಬುಲೆನ್ಸಿನ ಕಡೆ ಕೈ ತೋರಿದಳು.

"ಲಗೂ ಹೋಗ್ರಿ ಅಕ್ಕಾ, ಕೂಸಿಗೆ ಹಾಕಸ್ರಿ. ನನ್ನ ಮಗಳಿಗಂತ ನಿಮ್ಮ ಕಡೆಯಿಂದನ ತರಿಸಿದ್ದ ಔಷಧ ಇದು. ನಿಮ್ಮವರ ಸಹಿ ಬಿದ್ದು ಬಂದು ಮುಟ್ಟೂದ್ರಾಗ ಆಕಿ ಉಳೀಲಿಲ್ಲ."