ಎತ್ತಿ ಕೊಡುವವರು

ಹಳೆಯ ಹತ್ತಿ ಸೀರೆಗೆ ಅಂಟಿದ ಕೊಬ್ಬರಿ ಎಣ್ಣೆಯ ವಾಸನೆ ಎಲ್ಲೇ ಬಂದರೂ ನನಗೆ ಮಲ್ಲಾಪುರದ ಕ್ವಾರ್ಟರ್ಸಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಜಗುಲಿಯಲ್ಲಿ ಅಣ್ಣ ಆಟ ನಡೆಸುತ್ತಿದ್ದ. ದಾಳ ಉರುಳಿಸುತ್ತ, ಕಥೆ ಕಟ್ಟುತ್ತ ರಾಕ್ಷಸರ ಗುಹೆಗೆ ನುಗ್ಗುವ ಆಟ ಅದು. ನಾನು ಒಂಟಿ ಯೋಧೆ. ಹಗ್ಗ, ಪಂಜು, ಗುರಾಣಿಯ ಜೊತೆಗೆ ಗುಹೆಯಲ್ಲಿ ಒಂದು ಮೂಟೆ ಚಿನ್ನವೂ ಸಿಕ್ಕಿತ್ತು.

“ಇಷ್ಟೆಲ್ಲ ಹ್ಯಾಂಗೆ ಹೊರ್ತಿ? ಕೈಲಿ ಕತ್ತಿ ಅದೆ” ಎಂದ ಅಣ್ಣ. ಹೊರಲಾಗದಿದ್ದರೆ ಚಿನ್ನವನ್ನು ಅಲ್ಲೇ ಬಿಡಬೇಕು ಎಂಬುದು ಆಟದ ನಿಯಮ.

“ತಲೆ ಮೇಲೆ ಹೊರ್ಲಿ” ಎಂದಳು ಅಂಕೋಲೆಯಿಂದ ಬಂದಿದ್ದ ಅಜ್ಜಿ. ಹಳೆ ಸೀರೆಯ ತುಂಡನ್ನು ಸುರುಳಿ ಸುತ್ತಿ, ಸಿಂಬೆ ಮಾಡಿ ನನ್ನ ನೆತ್ತಿಯ ಮೇಲಿಟ್ಟಳು. “ಈಗ ಎರಡೂ ಕೈ ಖಾಲಿ. ಆದ್ರೆ ಮೂಟೆ ತಲೆಗೆ ಎತ್ತಿ ಕೊಡೂಕೆ ನಿಂಗೆ ಯಾರಿದಾರೆ?”

ಆಟದಲ್ಲಿ ನಾನು ಒಂಟಿ ಎಂದು ಅಣ್ಣ ನೆನಪಿಸಿದ.

“ನಿಂಗೆ ಯಾರು ಎತ್ತಿ ಕೊಡ್ತಾರೆ ಅಜ್ಜಿ?” ಎಂದೆ.

“ಮೊದ್ಲು ನಿಮ್ಮಜ್ಜ ಇದ್ದ. ಈಗ ಗೋಡೆ.”

ನನ್ನ ನೆತ್ತಿಯ ಸಿಂಬೆಯನ್ನು ತನ್ನ ತಲೆಗಿಟ್ಟುಕೊಂಡು, ತಾನು ತಂದಿದ್ದ ಅಕ್ಕಿ ಚೀಲವನ್ನು ಎದೆಗವಚಿಕೊಂಡು ಹೋಗಿ ಅವಳು ಕಾಂಪೌಂಡ್ ಗೋಡೆಯ ಮೇಲಿಟ್ಟಳು. ಸಿಂಬೆ ಇಟ್ಟ ತಲೆಯನ್ನು ಬಗ್ಗಿಸಿ ಗೋಡೆಯ ಅಂಚಿಗೆ ಒಡ್ಡಿದಳು. ಮೊಣಕಾಲು ಮಡಚಿ ಚೀಲವನ್ನು ಮೆಲ್ಲಗೆ ಎಳೆದುಕೊಂಡಳು. ಆಮೇಲೆ ಎದ್ದಳು. ಕತ್ತು ನಡುಗಲಿಲ್ಲ. ಕೈ ಬೀಸಿಕೊಂಡು ನಮ್ಮತ್ತ ನಡೆದು ಬಂದ ಅಜ್ಜಿ ನನಗೆ ಬಾಗಿಲಿಗಿಂತ ಎತ್ತರ ಕಂಡಳು.

ಅಣ್ಣ ದಾಳವನ್ನು ಬದಿಗಿಟ್ಟ. ನನ್ನತ್ತ ತಿರುಗಿ ಹೇಳಿದ:

“ಗುಹೆಲಿ ಒಂದು ಗೋಡೆ ಅದೆ.”